ಹಬ್ಬದ ಮಧ್ಯಾಹ್ನದ ಲೋಡ್

4 ಅಕ್ಟೋಬರ್ 1993, ಸೋಮವಾರ

ಪ್ರಿಂಟರ್ ಮತ್ತೆ ಹಾಳೆ ಕಚ್ಚಿಕೊಂಡಿತು. ಉತ್ತರ ದಂಡೆಯ ಲೈನಿನ ಲೆಕ್ಕ ಅರ್ಧ ಅಚ್ಚಾಯಿತು, ಉಳಿದರ್ಧ ಒಂದೇ ಸಾಲಿನ ಮೇಲೆ ಬಿದ್ದು ಕಪ್ಪು ಪಟ್ಟಿ. ಕಿತ್ತು ಬುಟ್ಟಿಗೆ ಎಸೆದೆ. ಹಾಲ್ಗೈರ್ ಬಾಗಿಲಲ್ಲಿ ನಿಂತಿದ್ದ. "ಏನ್ ಗುಡ್ವೈಗ್, ಈಗ ಯಂತ್ರದ ಮೇಲೂ ಶುರುವಾಯ್ತಾ ನಿನ್ ಸಿಟ್ಟು?" ಈ ವಿದ್ಯುತ್ ಕಚೇರಿಗೆ ಮುಖ್ಯಸ್ಥನಾದಾಗಿನಿಂದ ಅವನಿಗೆ ಬಾಗಿಲಲ್ಲಿ ನಿಲ್ಲುವುದೇ ಕೆಲಸ. ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ.

ಲೈನಿನ ಲೆಕ್ಕ ಮಾಡುವ ಈ ಹೊಸ ಪ್ರೋಗ್ರಾಂ ಬಗ್ಗೆ ನನ್ನ ದೂರಿಲ್ಲ. ಹಟ ಹಿಡಿದು ತರಿಸಿದವಳು ನಾನೇ. ಮೊದಲು ಒಂದು ಲೈನಿನ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಹಿಡಿದು ಎರಡು ದಿನ ಕೂರುತ್ತಿದ್ದೆ. ಈಗ ಪಿ.ಸಿ.ಗೆ ಹಾಕಿ ಕಾಫಿ ತರಲು ಹೋದರೆ ಬರುವಷ್ಟರಲ್ಲಿ ಎಲ್ಲಿ ಎಷ್ಟು ವೋಲ್ಟೇಜ್ ಎಂಬುದು ಪರದೆಯ ಮೇಲೆ. ಸರಿಯಿದ್ದರೆ ಹಸಿರು, ಮಿತಿಗಿಂತ ಇಳಿದರೆ ಕೆಂಪು. ನಮ್ಮ ಪುರಸಭೆಯ ತಂತಿ, ಕೇಬಲ್, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಒಂದೊಂದಾಗಿ ಟೈಪ್ ಮಾಡಿ ತುಂಬಿದ್ದೂ ನಾನೇ. ಬೇಸಿಗೆ ಪೂರ್ತಿ. ಉಳಿದವರು ದೋಣಿ ಹತ್ತಿ ಮೀನು ಹಿಡಿಯುತ್ತಿದ್ದರು.

ಇನ್ನು ಸ್ಕಾರ್ವೊಯ್ ದ್ವೀಪವೊಂದು ಬಾಕಿ. ನಾನಿರುವ ದ್ವೀಪ, ಅದಕ್ಕೇ ಕೊನೆಗೆ. ಸಮುದ್ರದ ತಳದಲ್ಲಿ ಹೋಗುವ ಒಂದೇ ಒಂದು ಕೇಬಲ್, ಅದೂ ನಾನು ಶಾಲೆಗೆ ಹೋಗುವಾಗ ಹಾಕಿದ್ದು. ಅದರ ತುದಿಗೆ ನೂರು ಚಿಲ್ಲರೆ ಮನೆ.

11 ಅಕ್ಟೋಬರ್

ಸೋಲ್‌ಫ್ರಿಡ್ ಕಚೇರಿಗೇ ಬಂದಳು. ತಂಗಿ ಮನೆಗೆ ಬರುವ ಬದಲು ಫೆರಿ ಹತ್ತಿ ಕಚೇರಿಗೆ ಬಂದರೆ ಏನೋ ಬೇಕು ಎಂದೇ ಅರ್ಥ. ಬೇಕಾಗಿತ್ತು. ದ್ವೀಪದ ಆ ತುದಿಯಲ್ಲಿರುವ ಅವಳ ಸಾಲ್ಮನ್ ಮೀನುಮರಿ ಸಾಕಣೆಗೆ ಹೊಸ ತೊಟ್ಟಿ, ಹೊಸ ಪಂಪು. ಅದಕ್ಕೆ ಹೆಚ್ಚಿನ ಕರೆಂಟ್.

"ಅಕ್ಕಾ, ಹೂಂ ಅಂದ್ಬಿಡು ಅಷ್ಟೆ. ಬ್ಯಾಂಕಿನೋರು ನಿಮ್ ಒಪ್ಪಿಗೆ ಕೇಳ್ತಿದಾರೆ."

"ಹೂಂ ಅನ್ನೋದು ನಾನಲ್ಲ, ಲೆಕ್ಕ."

"ಲೆಕ್ಕ ಮಾಡೋಳು ನೀನೇ ತಾನೆ?"

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ದೋಸೆಕಾವಲಿಯಂಥ ಕಬ್ಬಿಣದಲ್ಲಿ ಒತ್ತಿದ ವಾಫಲ್ ತಂದಿದ್ದಳು, ಕಂದು ಚೀಸ್ ಹಚ್ಚಿ. ಹಾಲ್ಗೈರ್ ಎರಡು ತಿಂದ.

13 ಅಕ್ಟೋಬರ್

ಸ್ಕಾರ್ವೊಯ್ ತುಂಬಿ ಮುಗಿಯಿತು. ಸೋಲ್‌ಫ್ರಿಡ್‌ಳ ಪಂಪುಗಳನ್ನೂ ಸೇರಿಸಿ ಓಡಿಸಿದೆ. ಕೆಂಪು.

ತಪ್ಪೆಲ್ಲೋ ಎಂದು ಮತ್ತೆ ನೋಡಿದೆ. ತಪ್ಪಿಲ್ಲ. ಪ್ರೋಗ್ರಾಂ ಪ್ರತಿ ಊರಿಗೂ ಒಂದು ಅಂಶ ಕೇಳುತ್ತದೆ — ಇಲ್ಲಿನ ಮನೆಗಳಲ್ಲಿ ಎಷ್ಟು ಪಾಲು ಒಂದೇ ಹೊತ್ತಿಗೆ ಕರೆಂಟ್ ಎಳೆಯುತ್ತವೆ? ಪಟ್ಟಣದಲ್ಲಾದರೆ ಒಬ್ಬ ಐದಕ್ಕೆ ಬೇಯಿಸುತ್ತಾನೆ, ಇನ್ನೊಬ್ಬ ಎಂಟಕ್ಕೆ, ಮೂರನೆಯವನು ಹೋಟೆಲಿಗೆ ಹೋಗುತ್ತಾನೆ. ಅರ್ಧಕ್ಕಿಂತ ಕಡಿಮೆ ಹಾಕಿದರೂ ನಡೆಯುತ್ತದೆ. ನಮ್ಮಲ್ಲೂ ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಹಾಗೆಯೇ. ಆದರೆ ಕ್ರಿಸ್‌ಮಸ್ ಹಿಂದಿನ ದಿನದ ಮಧ್ಯಾಹ್ನ? ಎರಡು ಗಂಟೆಗೆ ಈ ದ್ವೀಪದ ಪ್ರತಿ ಮನೆಯಲ್ಲೂ ಒಣಗಿಸಿದ ಕುರಿಯ ಪಕ್ಕೆಮಾಂಸ ಹಬೆಗೆ ಏರುತ್ತದೆ. ಮೂರು ಗಂಟೆ ಬೇಯಬೇಕು, ಐದಕ್ಕೆ ಚರ್ಚ್ ಗಂಟೆ, ಆಮೇಲೆ ಊಟ. ಗಡ್ಡೆ ಬೇಯುವ ಪಾತ್ರೆ ಬೇರೆ, ಓವನ್ ಬೇರೆ, ಗೋಡೆಯ ಹೀಟರ್‌ಗಳು, ಮನೆಮಂದಿಯೆಲ್ಲ ಸ್ನಾನ ಮಾಡಿ ಖಾಲಿ ಮಾಡಿದ ಬಿಸಿನೀರಿನ ಬಾಯ್ಲರ್. ಯಾರೂ ಒಂದೂವರೆಗೆ ಇಡುವುದಿಲ್ಲ, ಯಾರೂ ಮೂರಕ್ಕೆ ಇಡುವುದಿಲ್ಲ. ಅವರವರ ಅಮ್ಮ ಎರಡಕ್ಕೆ ಇಡುತ್ತಿದ್ದರು!

ನಾನು ಆ ಮಧ್ಯಾಹ್ನದ ಅಂಶ ಹಾಕಿದೆ. ಹೆಚ್ಚು ಕಡಿಮೆ ಎಲ್ಲರೂ ಒಟ್ಟಿಗೆ. ದ್ವೀಪದ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ.

15 ಅಕ್ಟೋಬರ್

ಜಗಳ. ಸೋಲ್‌ಫ್ರಿಡ್‌ಳ ಅಡುಗೆಮನೆಯಲ್ಲಿ, ಕೈಯಲ್ಲಿ ಕಾಫಿ ಹಿಡಿದುಕೊಂಡೇ.

ಸಮಾಧಾನವಾಗಿಯೇ ಶುರು ಮಾಡಿದ್ದೆ. ಹೊಸ ಕೇಬಲ್ ಬೇಕು ಎಂದೆ. ನಿಯಮದ ಪ್ರಕಾರ ಅದರ ಖರ್ಚಿನ ದೊಡ್ಡ ಪಾಲು ಕೇಳಿದವರ ತಲೆಗೆ.

"ಒಂದು ಮಧ್ಯಾಹ್ನಕ್ಕೋಸ್ಕರ ನಾನು ಕೇಬಲ್ ಹಾಕಿಸ್ಬೇಕಾ? ಕುರಿ ಬೇಯೋದಕ್ಕೆ?"

"ಆ ಒಂದು ಮಧ್ಯಾಹ್ನ ಸಾಕು, ನಿನ್ ಮರಿಗಳು ಸಾಯೋದಕ್ಕೆ."

"ಜನರೇಟರ್ ಇದೆ ನನ್ ಹತ್ರ."

ಇದೆ. ಕರೆಂಟ್ ಪೂರ್ತಿ ಹೋದರೆ ಮಾತ್ರ ಅದು ಎದ್ದೇಳುತ್ತದೆ. ಕರೆಂಟ್ ಕುಂಟುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದುಕೊಂಡು ಮಲಗಿಯೇ ಇರುತ್ತದೆ. ಪಂಪಿನ ಮೋಟಾರು ಮಾತ್ರ ಕಾದು ತನ್ನಷ್ಟಕ್ಕೆ ನಿಂತುಹೋಗುತ್ತದೆ. ನೀರು ನಿಂತರೆ ಆ ಮರಿಗಳಿಗೆ ಅರ್ಧ ಗಂಟೆಯೂ ಇಲ್ಲ. ಬಿಡಿಸಿ ಬಿಡಿಸಿ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ.

"ಬೇರೆ ಯಾರದ್ದೇ ಅರ್ಜಿ ಆಗಿದ್ರೆ ನೀನು ಹೀಗೆ ಕುರಿ ಎಣಿಸ್ತಾ ಕೂರ್ತಿದ್ಯಾ, ಗುಡ್ವೈಗ್?"

ಅಕ್ಕ ಹೋಗಿ ಹೆಸರು ಬಂತು. ಮೈಯೆಲ್ಲ ಉರಿದುಹೋಯಿತು. ನಾನೂ ಆಡಬಾರದ್ದನ್ನು ಆಡಿದೆ. ಅಮ್ಮನ ಮನೆ ಮಾರಿದ ವಿಷಯ ತೆಗೆದೆ. ಅದಕ್ಕೂ ಕೇಬಲ್‌ಗೂ ಏನು ಸಂಬಂಧ... ಬಾಗಿಲು ದಡಾರನೆ ಹಾಕಿಕೊಂಡು ಬಂದೆ.

20 ಅಕ್ಟೋಬರ್

ಹಾಲ್ಗೈರ್ ಇವತ್ತು ಒಳಗೆ ಬಂದ! ಬಾಗಿಲನ್ನೂ ಮುಚ್ಚಿದ. ಆಗಲೇ ಗೊತ್ತಾಯಿತು.

"ನೋಡು, ಇದು ನಿನ್ ತಂಗಿ ಅರ್ಜಿ. ನೀನು ಅದನ್ನ ಮುಟ್ಟೋ ಹಾಗಿಲ್ಲ. ಸಂಬಂಧಿಕರ ಕೆಲಸಕ್ಕೆ ನೀನು ಅನರ್ಹ. ಕಾನೂನು."

"ಕೆಂಪು ಬಂದಿದೆ ಅಂತ ತಾನೆ ಈಗ ಕಾನೂನು ನೆನಪಾಗಿದ್ದು? ಹಸಿರು ಬಂದಿದ್ರೆ?"

"ಹಸಿರು ಬಂದಿದ್ರೆ ತಂಗಿಗೆ ಮಾಡ್ಕೊಟ್ಲು ಅಂತಿದ್ರು. ಕೆಂಪು ಬಂದ್ರೆ ತಂಗಿ ಮೇಲೆ ಹಗೆ ತೀರಿಸ್ಕೊಂಡ್ಲು ಅಂತಾರೆ. ಸೋಲ್‌ಫ್ರಿಡ್ ಆಗಲೇ ಅಂದಿದಾಳೆ."

ಅಂದಿದಾಳಂತೆ. ಕಚೇರಿಗೆ ಫೋನ್ ಮಾಡಿ.

ಈ ಪುರಸಭೆಯಲ್ಲಿ ಯಾರು ಯಾರಿಗೆ ಸಂಬಂಧಿಕರಲ್ಲ? ಹಾಲ್ಗೈರನ ಹೆಂಡತಿಯ ಚಿಕ್ಕಪ್ಪ ಲೈನ್‌ಮನ್. ಪುರಸಭೆ ಅಧ್ಯಕ್ಷ ನನ್ನ ಸೋದರಮಾವನ ಮಗ. ಈ ಕಾನೂನನ್ನು ನೆಟ್ಟಗೆ ಪಾಲಿಸಿದರೆ ಒಬ್ಬರ ಮನೆಯ ಬಲ್ಬನ್ನು ಇನ್ನೊಬ್ಬರು ಬದಲಿಸುವಂತಿಲ್ಲ. ಅದಕ್ಕೇ ಪಟ್ಟಣದಿಂದ ಒಬ್ಬ ಸಲಹೆಗಾರ ಬರುತ್ತಾನಂತೆ, ಪ್ರೇಬೆನ್ ಅಂತ. ಇಲ್ಲಿ ಯಾರಿಗೂ ಏನೂ ಅಲ್ಲದವನು. ಯಾರನ್ನೂ ಅರಿಯದವನಿಗೇ ಅರ್ಹತೆ!

ನನ್ನ ಫ್ಲಾಪಿಗಳನ್ನು ಕೊಟ್ಟೆ. ಅವುಗಳದೊಂದು ನಕಲು ಮಾಡಿಕೊಂಡು ಮನೆಗೆ ತಂದೆ. ಕಚೇರಿ ಮಾರಿಹಾಕಿದ ಹಳೇ ಪಿ.ಸಿ. ಮನೆಯಲ್ಲಿದೆ, ಅದರಲ್ಲಿ ಓಡುತ್ತದೆ, ಕುಂಟಿಕೊಂಡು. ಅನರ್ಹಳು ತನ್ನ ಮನೆಯಲ್ಲಿ ಏನು ಬೇಕಾದರೂ ಮಾಡಬಹುದು.

9 ನವೆಂಬರ್

ಪ್ರೇಬೆನ್ ಬಂದ, ಹೋದ. ಒಳ್ಳೆಯ ಕೋಟು. ದ್ವೀಪಕ್ಕೆ ಹೋಗಲೇ ಇಲ್ಲ, ಅಲೆ ಜಾಸ್ತಿ ಇತ್ತಂತೆ. ಅವನ ಲೆಕ್ಕ ಹಸಿರು.

ಏನು ಮಾಡಿದ ಎಂದು ನೋಡಲು ಬಿಡಲಿಲ್ಲ, ಆದರೆ ಊಟದ ಕೋಣೆಯಲ್ಲಿ ಅವನೇ ಹೇಳಿದ. ನಾನು ಹಾಕಿದ್ದ ಅಂಶವನ್ನು ತೆಗೆದು ಪ್ರೋಗ್ರಾಂ ಜೊತೆ ಬಂದಿದ್ದ ಅಂಶವನ್ನೇ ಹಾಕಿದ. "ಎಲ್ಲಾ ಕಡೆ ಅದನ್ನೇ ಹಾಕೋದು. ನೀನು ಹಾಕಿರೋದು ಯಾವ ಪುಸ್ತಕದಲ್ಲೂ ಇಲ್ಲ."

"ನಿಮ್ಮನೆಯಲ್ಲಿ ಹಬ್ಬಕ್ಕೆ ಏನ್ ಬೇಯಿಸ್ತೀರ?"

"ಹಂದಿ. ಅತ್ತೆ ಮನೆಯಲ್ಲಿ. ಯಾಕೆ?"

"ಎಷ್ಟ್ ಗಂಟೆಗೆ?"

"ನನಗೇನ್ ಗೊತ್ತು?" ಎಂದು ನಕ್ಕ. ಹಾಲ್ಗೈರನೂ ನಕ್ಕ. ಒಂದು ಊರಿನ ಕರೆಂಟನ್ನು ಅಳೆಯಲು ಬಂದವನಿಗೆ ತನ್ನ ಮನೆಯ ಒಲೆ ಯಾವಾಗ ಹೊತ್ತುತ್ತದೆ ಎಂದೂ ತಿಳಿಯದು. ಬಟ್ಟಲನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ತೊಳೆದಿಟ್ಟೆ.

ಹಬ್ಬದ ದಿನ ಅಳೆದಾದರೂ ನೋಡಿ ಎಂದು ಹಾಲ್ಗೈರನಿಗೆ ಕೂಗಿ ಹೇಳಿದೆ. "ಅಳೀರಿ! ಒಂದು ಮೀಟರ್ ಇಡಿ, ಸಾಕು!" ನೋಡೋಣ ಎಂದ. ನೋಡುವುದಿಲ್ಲ ಎನ್ನುವುದಕ್ಕೆ ಅವನು ನೋಡೋಣ ಎನ್ನುತ್ತಾನೆ.

1 ಡಿಸೆಂಬರ್

ಹೊಸ ಪಂಪುಗಳು ಚಾಲೂ. ಸೋಲ್‌ಫ್ರಿಡ್ ಕಚೇರಿಗೆ ಕೇಕ್ ಕಳಿಸಿದ್ದಾಳೆ, ಬಾದಾಮಿಯದು, ಮೇಲೆ ಪುಟ್ಟ ಬಾವುಟ. ಎಲ್ಲರೂ ತಿಂದರು. ನನಗೂ ಒಂದು ತುಂಡು ತೆಗೆದಿಟ್ಟಿದ್ದರು. ತಿನ್ನಲಿಲ್ಲ. ಫೆರಿಯಲ್ಲಿ ಎದುರಿಗೇ ಕೂತಿದ್ದಳು. ನಾನು ಕಿಟಕಿ ನೋಡಿದೆ, ಅವಳು ಬೂಟು ನೋಡಿದಳು.

8 ಡಿಸೆಂಬರ್

ಮನೆಯ ಪಿ.ಸಿ.ಯಲ್ಲಿ ಮತ್ತೆ ಓಡಿಸಿದೆ. ಅದೇ ಕೆಂಪು.

ಸುಮ್ಮನಿರಬಹುದು. ಮರಿಗಳು ಸಾಯುತ್ತವೆ, ನಾನು ಹೇಳಿದ್ದೇ ನಿಜವಾಗುತ್ತದೆ, ಹಾಲ್ಗೈರ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಯೋಚಿಸಿದರೆ ಒಂದು ಕ್ಷಣ ಖುಷಿಯೂ ಆಗುತ್ತದೆ. ಇಂಥ ಖುಷಿ ನನ್ನೊಳಗಿದೆ ಎನ್ನುವುದಕ್ಕೇ ಇನ್ನಷ್ಟು ಸಿಟ್ಟು. ಆ ಸಾಕಣೆ ಹೋದರೆ ಅವಳ ಹತ್ತಿರ ಬೇರೇನೂ ಉಳಿಯುವುದಿಲ್ಲ. ಮನೆ ಅಡವಿಟ್ಟಿದ್ದಾಳೆ. ಅವಳು ಮೂರ್ಖಳು, ಹಟಮಾರಿ, ನನ್ನ ತಂಗಿ.

ಕೇಬಲ್ ಬದಲಿಸಲು ನನ್ನಿಂದ ಆಗದು. ಊರಿನ ಮಧ್ಯಾಹ್ನವನ್ನು ಬದಲಿಸಬಹುದೇ?

12 ಡಿಸೆಂಬರ್

ಬೋರ್ಗಿಲ್ಡ್ ಅಜ್ಜಿಯಿಂದ ಶುರು ಮಾಡಿದೆ. ದಿಬ್ಬದ ಮೇಲಿನ ಮೊದಲ ಮನೆ.

"ಪಕ್ಕೆನ ಎರಡಕ್ಕೆ ಬದಲು ಹನ್ನೆರಡಕ್ಕೆ ಇಡ್ತೀರಾ ಅಜ್ಜಿ?"

"ಹನ್ನೆರಡಕ್ಕಾ? ಸತ್ತವರ ಮನೇಲಿ ಇಡೋ ಹಾಗೆ?"

ಊಟದ ಹೊತ್ತನ್ನು ಮುಟ್ಟುವ ಹಾಗಿಲ್ಲ ಎಂದು ಮೊದಲ ಮನೆಯಲ್ಲೇ ಗೊತ್ತಾಯಿತು. ಸರಿ, ಬೇರೆಯದನ್ನು ಕೇಳಿದೆ. ಎರಡರಿಂದ ಐದರವರೆಗೆ ಬಾಯ್ಲರ್ ಆಫ್ ಮಾಡಿ. ಗಡ್ಡೆಯನ್ನು ಕರೆಂಟ್ ಒಲೆಯ ಬದಲು ಸೌದೆ ಒಲೆಯ ಮೇಲೆ ಬೇಯಿಸಿ. ಕೂರುವ ಕೋಣೆಯ ಹೀಟರ್ ಆರಿಸಿ, ಅಲ್ಲೂ ಸೌದೆ ಹಾಕಿ. ಅಷ್ಟೇ.

"ಯಾಕಮ್ಮ?"

ಹೇಳಿದೆ. ಯಾರಿಗೂ ಹೇಳಬೇಡಿ, ಸೋಲ್‌ಫ್ರಿಡ್‌ಗಂತೂ ಮೊದಲೇ ಬೇಡ ಎಂದೆ. ಕಚೇರಿಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆ. ಅವಳಿಗೆ ತಿಳಿದರೆ ಹಟಕ್ಕೆ ಬಿದ್ದು ಎಲ್ಲ ದೀಪ ಹಾಕಿ ಕೂರುತ್ತಾಳೆ.

"ನೀವಿಬ್ಬರೂ ನಿಮ್ಮಮ್ಮನ ಥರಾನೇ," ಎಂದಳು ಅಜ್ಜಿ. "ಮೂತಿ ಊದಿಸ್ಕೊಂಡೇ ಪ್ರೀತಿ ಮಾಡೋರು." ನನಗೆ ರೇಗಿತು. ಆದರೆ ಬಾಯ್ಲರ್ ಆಫ್ ಮಾಡುತ್ತೇನೆ ಎಂದಿದ್ದಾಳೆ, ಮುಂದಿನ ಮನೆಗೆ ನಡೆದೆ.

17 ಡಿಸೆಂಬರ್

ದಿನಾ ಸಂಜೆ ಫೆರಿ ಇಳಿದು ಬಾಗಿಲು ಬಾಗಿಲು ಬಡಿಯುವುದು. ಹಬ್ಬದ ಮುಂಚೆ ಹೋದವಳನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಪ್ರತಿ ಮನೆಯಲ್ಲೂ ಏಳು ಬಗೆಯ ಬಿಸ್ಕತ್ತು, ಏಳನ್ನೂ ರುಚಿ ನೋಡಬೇಕು, ಇಲ್ಲದಿದ್ದರೆ ಅವಮಾನ. ಮಾತಿಗೆ ಬರುವ ಹೊತ್ತಿಗೆ ನನ್ನ ಹೊಟ್ಟೆ ಕಲ್ಲು. ಸಿಟ್ಟಿನಿಂದ ಬಿಸ್ಕತ್ತು ಅಗಿಯುವ ಹೆಂಗಸನ್ನು ನೋಡಿದ್ದೀರಾ? ಕನ್ನಡಿಯಲ್ಲಿ ನೋಡಿಕೊಂಡೆ.

ಮಾಗ್ನಾರ್ ಒಪ್ಪಲಿಲ್ಲ. ಹಳೇ ದೋಣಿಯವ, ಒಂಟಿ.

"ನಾನು ಕರೆಂಟಿಗೆ ದುಡ್ಡು ಕೊಡ್ತೀನಿ. ಕೊಟ್ಟಮೇಲೆ ಯಾವಾಗ ಬೇಕಾದ್ರೂ ಉರಿಸ್ತೀನಿ."

"ಅವಳ ಮೀನು ಸಾಯ್ತವೆ ಮಾಗ್ನಾರ್."

"ಸಾಯ್ಲಿ. ಸಾಕಿದ ಮೀನೂ ಒಂದು ಮೀನಾ?"

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನೂ ಅಂದ. ನಾನು ಗೇಟು ದಾಟುವಾಗ ಹಿಂದಿನಿಂದ ಕೂಗಿದ — "ಬಾಯ್ಲರ್ ಸ್ವಿಚ್ಚು ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ಲ, ಬಂದು ತೋರಿಸು!" ವಾಪಸ್ ಹೋಗಿ ತೋರಿಸಿದೆ. ಇಬ್ಬರೂ ಮುಖ ಗಂಟಿಕ್ಕಿಕೊಂಡೇ.

21 ಡಿಸೆಂಬರ್

ಎಲ್ಲ ಮನೆ ಆಯಿತು. ಒಂದು ಬಿಟ್ಟು.

ಅವಳ ಬಾಗಿಲ ಮುಂದೆ ಬಂದೆ. ಕಿಟಕಿಯಲ್ಲಿ ಕಾಗದದ ನಕ್ಷತ್ರ ಹೊತ್ತಿತ್ತು. ಒಳಗೆ ರೇಡಿಯೋ. ವಾಪಸ್ ಬಂದೆ.

24 ಡಿಸೆಂಬರ್, ಮಧ್ಯಾಹ್ನ 1:40

ಮೂಡಣ ಗಾಳಿ. ಬಕೆಟ್ಟಿನ ನೀರು ಹೆಪ್ಪುಗಟ್ಟಿದೆ. ಬೇರೆ ದಿನವೇ ಇರಲಿಲ್ಲವೇ ಚಳಿಗೆ! ಅಡುಗೆಮನೆಯ ಸಾಕೆಟ್ಟಿಗೆ ವೋಲ್ಟೇಜ್ ಮೀಟರ್ ಸಿಕ್ಕಿಸಿ ಎದುರಿಗೆ ಕೂತಿದ್ದೇನೆ. ನಾನು ಬೇಯಿಸುವುದಿಲ್ಲ. ನನ್ನ ಒಲೆಯೂ ಲೋಡೇ. ಬ್ರೆಡ್ಡು, ಕಂದು ಚೀಸು, ಕೋಟು ಹಾಕಿಕೊಂಡೇ.

ಸೋಲ್‌ಫ್ರಿಡ್ ಹುಟ್ಟಿದಾಗಿನಿಂದ ಈ ಊಟ ಅವಳ ಜೊತೆ. ಪಕ್ಕೆಯ ಕೊನೆಯ ತುಂಡಿಗೆ ಇಬ್ಬರೂ ಜಗಳವಾಡುತ್ತಿದ್ದೆವು.

2:20

ಇಳಿಯುತ್ತಿದೆ. ಇಟ್ಟರು ಎಲ್ಲರೂ, ಒಂದೇ ಗಳಿಗೆಗೆ. ಅಮ್ಮಂದಿರ ಮಕ್ಕಳು.

3:05

ನಿಂತಿತು. ಮುಳ್ಳು ಮಿತಿಗಿಂತ ಮೇಲೇ ನಿಂತಿದೆ. ಕಿಟಕಿಯಿಂದ ನೋಡಿದರೆ ಎಲ್ಲ ಮನೆಯ ಚಿಮಣಿಯಲ್ಲೂ ಹೊಗೆ. ಇಷ್ಟು ಹೊಗೆಯನ್ನು ನಾನು ಚಿಕ್ಕವಳಿದ್ದಾಗ ಮಾತ್ರ ನೋಡಿದ್ದೆ. ಮಾಗ್ನಾರನ ಮನೆಯಲ್ಲೂ. ಆ ಮುದಿಯ... ಅವನಿಗೆ ಒಂದು ಬಾಟಲಿ ಕೊಡಬೇಕು.

5:00

ಗಂಟೆ ಹೊಡೆಯುತ್ತಿದೆ. ಆ ತುದಿಯಲ್ಲಿ ಸಾಕಣೆಯ ದೀಪಗಳು ಹಾಗೇ ಇವೆ. ಪಂಪು ನಿಂತಿದ್ದರೆ ಅವಳು ಇಷ್ಟು ಹೊತ್ತಿಗೆ ಓಡಾಡುತ್ತಿದ್ದಳು. ಇಲ್ಲ. ಮರಿಗಳು ಉಳಿದವು. ಅಳು ಬಂತು. ಯಾಕೆ ಎಂದು ಗೊತ್ತಿಲ್ಲ, ಸಿಟ್ಟಿನಿಂದಲೇ ಅತ್ತೆ.

28 ಡಿಸೆಂಬರ್

ಅಂಗಡಿಯಲ್ಲಿ ಸೋಲ್‌ಫ್ರಿಡ್. ನನಗೆ ಕೇಳಿಸುವ ಹಾಗೆ ಅಂಗಡಿಯವಳಿಗೆ ಹೇಳಿದಳು. "ಕೆಲವರು ಹೇಳಿದ್ರು, ಹಬ್ಬದ ದಿನ ನನ್ನ ಮೀನೆಲ್ಲ ಸಾಯ್ತವೆ ಅಂತ. ಒಂದೂ ಸಾಯ್ಲಿಲ್ಲ ನೋಡು. ಪಟ್ಟಣದ ಕಂಪ್ಯೂಟರ್ ಸರಿಯಾಗೇ ಹೇಳಿತ್ತು." ಅಂಗಡಿಯವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವಳೂ ಬಾಯ್ಲರ್ ಆರಿಸಿದವಳೇ.

ಈ ದ್ವೀಪದಲ್ಲಿ ಯಾರಾದರೂ ಸೀನಿದರೆ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೊತ್ತು. ಈ ಒಂದು ಗುಟ್ಟನ್ನು ಮಾತ್ರ ನೂರು ಮನೆಯವರು ಬಾಯಿಗೆ ಬೀಗ ಹಾಕಿ ಉಳಿಸಿದ್ದಾರೆ. ಹಾಲು, ಕಾಫಿಪುಡಿ ಎರಡನ್ನೂ ಅಲ್ಲೇ ಬಿಟ್ಟು ಬಂದೆ.

4 ಜನವರಿ 1994

ಹಾಲ್ಗೈರ್ ಬಾಗಿಲಲ್ಲಿ. ಕೈಯಲ್ಲಿ ಸುರುಳಿ ಕಾಗದ. ಬೆಣ್ಣೆ ತಿಂದ ಬೆಕ್ಕಿನ ಮುಖ.

"ಅಳೀರಿ ಅಂತ ಕೂಗಾಡಿದ್ಯಲ್ಲ. ಅಳೆದ್ವಿ. ಪ್ರೇಬೆನ್ ಹಬ್ಬಕ್ಕೆ ಮುಂಚೆ ಬಂದು ಸಾಕಣೆ ಹತ್ರ ಮೀಟರ್ ಇಟ್ಟು ಹೋಗಿದ್ದ. ನೀನು ಅನರ್ಹ ಅಲ್ವಾ, ಅದಕ್ಕೇ ನಿನಗೆ ಹೇಳ್ಲಿಲ್ಲ ಅಷ್ಟೆ. ನೋಡು."

ಕಾಗದದ ಮೇಲೆ ಸೂಜಿ ಗೀಚಿದ ಗೆರೆ. ಡಿಸೆಂಬರ್ ಇಪ್ಪತ್ನಾಲ್ಕು. ಎರಡಕ್ಕೆ ಸ್ವಲ್ಪ ಬಾಗಿ, ಮಿತಿಗಿಂತ ಮೇಲೇ ನೆಟ್ಟಗೆ ಹೋಗಿದೆ. ನನ್ನ ನೂರು ಮನೆಗಳ ಸೌದೆ ಒಲೆಗಳು ಬರೆದ ಗೆರೆ.

"ವರ್ಷದ ಅತಿ ಚಳಿ ದಿನ ಬೇರೆ," ಎಂದ ಹಾಲ್ಗೈರ್. "ಇದಕ್ಕಿಂತ ಒಳ್ಳೇ ಪರೀಕ್ಷೆ ಬೇಕಾ?"

ಕಾಗದವನ್ನು ಮತ್ತೆ ಸುರುಳಿ ಸುತ್ತಿ ಅವನ ಕೈಗಿಟ್ಟೆ.

10 ಜನವರಿ

ಇನ್ನೂ ಇದೆ. ಪ್ರೇಬೆನ್ ಆ ಗೆರೆಯನ್ನು ಪ್ರೋಗ್ರಾಂಗೆ ತುಂಬಿದ್ದಾನೆ. ಅಳತೆಗೆ ಲೆಕ್ಕವನ್ನು ಹೊಂದಿಸಿದ್ದಾನಂತೆ. ಹೊಂದಿಸಿದಾಗ ಅಂಶ ಪುಸ್ತಕದ್ದಕ್ಕಿಂತಲೂ ಕೆಳಗಿಳಿಯಿತು. ಈಗ ಪ್ರೋಗ್ರಾಂ ಪ್ರಕಾರ ಸ್ಕಾರ್ವೊಯ್ ಜನ ಹಬ್ಬದ ದಿನ ಬಹುತೇಕ ಏನೂ ಬೇಯಿಸುವುದಿಲ್ಲ! ಕೇಬಲ್‌ನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ!

ಆ ಖಾಲಿ ಜಾಗವನ್ನು ಈಗಾಗಲೇ ಹಂಚಿದ್ದಾರೆ. ಸೋಲ್‌ಫ್ರಿಡ್ ತೊಟ್ಟಿಗಳನ್ನು ಎರಡರಷ್ಟು ಮಾಡುತ್ತಾಳೆ, ಒಪ್ಪಿಗೆ ಸಿದ್ಧ, ಮುಂದಿನ ವಾರ ಸಹಿ. ನಾನು ಒಂದು ಒಲೆ ಆರಿಸಲು ಹೋಗಿ ಊರಿನ ಲೆಕ್ಕಕ್ಕೇ ಬೆಂಕಿ ಇಟ್ಟೆ. ನಾನೇ ಕಟ್ಟಿದ ಮಾಡೆಲ್. ಬೇಸಿಗೆಯೆಲ್ಲ ಕೂತು. ಅದರ ಹೊಟ್ಟೆಗೆ ನಾನೇ ಸುಳ್ಳು ತಿನ್ನಿಸಿದೆ.

ಮುಂದಿನ ಹಬ್ಬಕ್ಕೆ ಎಲ್ಲ ಮನೆಯವರು ಬಾಯ್ಲರ್ ಆರಿಸಿದರೂ ಸಾಲದು. ಕತ್ತಲಲ್ಲಿ ಕೂತು ಹಸಿ ಪಕ್ಕೆ ತಿನ್ನಬೇಕು.

12 ಜನವರಿ

ಹಾಲ್ಗೈರನಿಗೆ ಹೇಳಿಬಿಟ್ಟೆ. ಎಲ್ಲವನ್ನೂ. ಮನೆ ಮನೆ, ಬಾಯ್ಲರ್, ಬಿಸ್ಕತ್ತು.

ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆಮೇಲೆ ಮೆಲ್ಲಗೆ, "ನೀನು ಇದನ್ನ ನನಗೆ ಹೇಳಿಲ್ಲ."

"ಹೇಳಿದೀನಿ. ಈಗಷ್ಟೇ."

"ಹೇಳಿದ್ರೆ ನಾನು ಬರೀಬೇಕಾಗುತ್ತೆ. ಅನರ್ಹ ಅಂತ ತಿಳಿದೂ ಊರೆಲ್ಲ ಸುತ್ತಿದ್ಲು ಅಂತ. ನಿನ್ನ ಮನೆಗೆ ಕಳಿಸ್ಬೇಕಾಗುತ್ತೆ."

"ಕಳಿಸು. ಆ ಗೆರೆ ಸುಳ್ಳು ಅಂತಾನೂ ಬರಿ."

"ಅಳತೆ ಅಳತೆನೇ ಗುಡ್ವೈಗ್. ಜನ ಆವತ್ತು ಸೌದೆಲಿ ಬೇಯಿಸಿದ್ರಾ ಕರೆಂಟಲ್ಲಿ ಬೇಯಿಸಿದ್ರಾ ಅಂತ ನಾನು ಫೈಲಲ್ಲಿ ಬರೀಲಾ? ಪಟ್ಟಣದೋರು ನಗ್ತಾರೆ."

ನಗಲಿ ಎಂದು ಕಿರುಚಿದೆ. ಪಕ್ಕದ ಕೋಣೆಯವರೆಲ್ಲ ಎದ್ದು ನೋಡಿದರು. ಅವನು ಕೆಟ್ಟವನಲ್ಲ, ಅದೇ ಹೆಚ್ಚು ಹೊಟ್ಟೆ ಉರಿಸುತ್ತದೆ. ನನ್ನ ಕೆಲಸವನ್ನು ತಾನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದಾನೆ. ನನ್ನನ್ನು ಉಳಿಸಿ, ಸೋಲ್‌ಫ್ರಿಡ್‌ಳನ್ನು ಮುಳುಗಿಸಿ, ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋದ.

15 ಜನವರಿ, ಶನಿವಾರ, ಬೆಳಿಗ್ಗೆ

ಇವತ್ತು ಸೋಲ್‌ಫ್ರಿಡ್‌ಳ ಮನೆಗೆ ಹೋಗಬೇಕು. ಬಾಗಿಲು ಬಡಿಯಬೇಕು. ಏನೆಂದು ಶುರು ಮಾಡಲಿ? ಯಾವ ಮಾತೂ ಕೂಡಿ ಬರುತ್ತಿಲ್ಲ. ಬೂಟು ಹಾಕಿಕೊಂಡು ಅರ್ಧ ಗಂಟೆಯಿಂದ ಕೂತಿದ್ದೇನೆ.

ಅದೇ ದಿನ, 11:30

ಅವಳೇ ಬಂದಿದ್ದಾಳೆ. ಬಡಿಯಲೂ ಇಲ್ಲ, ನುಗ್ಗಿದಳು. ಬೋರ್ಗಿಲ್ಡ್ ಅಜ್ಜಿ ಅಂಗಡಿಯಲ್ಲಿ ಬಾಯಿಬಿಟ್ಟಿದ್ದಾಳೆ. ಸೋಲ್‌ಫ್ರಿಡ್ ಮತ್ತೆ ಪಟ್ಟಣದ ಕಂಪ್ಯೂಟರನ್ನು ಹೊಗಳಿದಳಂತೆ, ಅಜ್ಜಿಗೆ ತಡೆಯಲಾಗಲಿಲ್ಲವಂತೆ — ನಿನ್ನ ಮೀನಿಗೋಸ್ಕರ ನಾನು ಹಬ್ಬದ ದಿನ ತಣ್ಣೀರಲ್ಲಿ ಸ್ನಾನ ಮಾಡ್ದೆ, ಮೊದಲು ಹೋಗಿ ಅಕ್ಕನ ಕಾಲು ಹಿಡಿ.

ಕಾಲು ಹಿಡಿಯಲು ಬಂದಿರಲಿಲ್ಲ. ಕಣ್ಣು ಕೆಂಡ.

"ಎಲ್ಲರ ಮನೆಗೂ ಹೋದೆ."

"ಹೂಂ."

"ಆ ಮಾಗ್ನಾರ್ ಮನೆಗೂ ಹೋದೆ. ನನ್ ಮನೆಗೆ ಮಾತ್ರ ಬರ್ಲಿಲ್ಲ."

"ಬಂದಿದ್ರೆ ಬಾಗಿಲು ಹಾಕ್ಕೋತಿದ್ದೆ ನೀನು."

"ಹಾಕ್ಕೋತಿದ್ದೆ! ಆದ್ರೂ ಬಡೀಬೇಕಿತ್ತು! ಊರಿಗೆಲ್ಲ ಗೊತ್ತು, ನಾನೊಬ್ಳು ಕೋಡಂಗಿ ಹಾಗೆ ಕೇಕ್ ಹಂಚ್ಕೊಂಡು..."

ನಾನೂ ಬಿಡಲಿಲ್ಲ. ಕಚೇರಿಗೆ ಫೋನ್ ಮಾಡಿದ್ದು ಯಾರು, ಹಗೆ ಎಂದದ್ದು ಯಾರು, ಎಲ್ಲ ತೆಗೆದೆ. ಇಬ್ಬರೂ ಒಟ್ಟಿಗೆ ಕಿರುಚಿದೆವು, ಯಾರ ಮಾತೂ ಯಾರಿಗೂ ಕೇಳಿಸದ ಹಾಗೆ. ಆಮೇಲೆ ಆ ಗೆರೆಯ ವಿಷಯ ಹೇಳಿದೆ. ಅದು ಪ್ರೋಗ್ರಾಂ ಒಳಗೆ ಹೋಗಿದ್ದು. ಅವಳ ಹೊಸ ಒಪ್ಪಿಗೆ ಅದರ ಮೇಲೆ ನಿಂತಿರುವುದು. ಅವಳು ಸ್ಟೂಲು ಎಳೆದುಕೊಂಡು ಪಿ.ಸಿ. ಎದುರು ಕೂತಳು.

"ಸೋಮವಾರ ಸಹಿ ಹಾಕ್ಬೇಕು ನಾನು."

"ಗೊತ್ತು."

"ನಿಜವಾದ ಅಂಶ ಯಾವ್ದು?"

"ನಾನು ಹೇಳಿದ್ದೇ. ಅಕ್ಟೋಬರ್‌ನಲ್ಲಿ."

"ಹಾಗಾದ್ರೆ ಹಾಕು. ಎರಡರಷ್ಟು ತೊಟ್ಟಿ ಹಾಕಿ ಓಡಿಸು, ನನ್ ಕಣ್ಣೆದುರಿಗೆ."

"ನಾನು ಅನರ್ಹ."

"ಸಾಕು ನಿಲ್ಸು! ಅರ್ಜಿ ನನ್ದು. ಮುಟ್ಟು ಅಂತಿದೀನಿ. ಹಸಿರು ಬಂದ್ರೆ ಸಾಯೋವರೆಗೂ ನಿನ್ ಹತ್ರ ಮಾತಾಡಲ್ಲ. ಕೆಂಪು ಬಂದ್ರೆ ನಾನೇ ಹಾಲ್ಗೈರ್ ಹತ್ರ ಹೋಗ್ತೀನಿ. ಹೊಸ ತೊಟ್ಟಿ ಬೇಡ ಅಂತೀನಿ, ನನ್ ಮೀನು ಬದುಕಿದ್ದು ಸೌದೆಯಿಂದ ಅಂತ ಬರ್ಕೊಳ್ಳಿ ಅಂತೀನಿ. ಊರೋರನ್ನೆಲ್ಲ ಕರ್ಕೊಂಡ್ ಹೋಗಿ ನಿಲ್ಲಿಸ್ತೀನಿ."

ಟೈಪ್ ಮಾಡಿದೆ. ಎರಡು ಸಲ ತಪ್ಪು ಒತ್ತಿದೆ. ಈಗ ಓಡುತ್ತಿದೆ. ಈ ಹಳೇ ಡಬ್ಬ ಗೊರಗೊರ ಎನ್ನುತ್ತಾ ಒಂದೊಂದು ಸುತ್ತಿಗೂ ಉಸಿರು ಎಳೆದುಕೊಳ್ಳುತ್ತದೆ. ಅವಳು ಪರದೆಯನ್ನೇ ನೋಡುತ್ತಿದ್ದಾಳೆ, ಕೋಟು ಬಿಚ್ಚಿಲ್ಲ, ಟೊಪ್ಪಿಗೆಯನ್ನೂ ತೆಗೆದಿಲ್ಲ. ನನಗೆ ಅತ್ತ ನೋಡಲಾಗದೆ ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಇಡೀ ಜನ್ಮದಲ್ಲಿ ಒಂದು ಲೆಕ್ಕ ಹಸಿರಾಗಲಿ ಎಂದು ನಾನು ಇಷ್ಟು ಬಯಸಿದ್ದಿಲ್ಲ. ಆಗುವುದಿಲ್ಲ ಎಂದೂ ಗೊತ್ತು. ಆಗಿಬಿಟ್ಟರೆ ಅವಳ ತೊಟ್ಟಿ ಉಳಿಯುತ್ತದೆ, ಅವಳ ಪಾಲಿಗೆ ನಾನು ಇಲ್ಲವಾಗುತ್ತೇನೆ. ಹೋಗಲಿ.

ನಿಂತಿತು.

ತಲೆ ಎತ್ತದೆ ಕೇಳಿದೆ, ಯಾವ ಬಣ್ಣ?

ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಳು. ಕೋಟಿನ ಗುಂಡಿ ಬಿಚ್ಚುತ್ತಿದ್ದಾಳೆ. "ಅಕ್ಕಾ," ಎಂದಳು, "ಸೋಮವಾರ ಮೊದಲ ಫೆರಿಗೆ ನೀನೂ ಬಾ. ಹಾಲ್ಗೈರ್ ಹತ್ರ ಇಬ್ರೂ ಹೋಗೋಣ."